ಸುರ್ಕಿ ಗಾರೆಯ ಕಟ್ಟೆ

ನಮ್ಮ ದೇವರಾಯಸಮುದ್ರದಲ್ಲಿ ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಸಿಮೆಂಟಿನ ದರ. ಆಗೆಲ್ಲ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. ಅವಿಭಜಿತ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಓದಿ, ಪುಣೆಯಲ್ಲಿ ಎಂಜಿನಿಯರ್ ಆದರು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಮದ್ರಾಸ್ ಸರ್ಕಾರ ಒಪ್ಪಿದ್ದು 80 ಅಡಿ ಎತ್ತರಕ್ಕೆ. ಅವರು ಪಾಯ ಹಾಕಿಸಿದ್ದು 124 ಅಡಿಗೆ. ಒಪ್ಪಿಗೆ ಸಿಗದಿದ್ದರೆ ಆ ಖರ್ಚೆಲ್ಲ ದಂಡ. ಆದರೆ ಕಟ್ಟೆ ಎದ್ದ ಮೇಲೆ ಪಾಯ ಅಗಲಿಸುವುದು ಸುಲಭವಲ್ಲ. ಕೊನೆಗೆ 1924ರ ಒಪ್ಪಂದವಾಯಿತು. ಕಲ್ಲು ಕೂಡಿಸಿದ್ದು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ.

ಅವರು 1962ರಲ್ಲಿ ತೀರಿಕೊಂಡರು. ಕಟ್ಟೆ ಇಂದಿಗೂ ಮಂಡ್ಯದ ಗದ್ದೆಗಳಿಗೆ ನೀರು ಕೊಡುತ್ತಿದೆ. ಪಾಯ ಹಾಕುವಾಗಲೇ ಮುಂದಿನ ತಲೆಮಾರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವರ ಬದುಕಿನಿಂದ ನಾನು ಕಲಿತ ಪಾಠ.