ಮೊಲದ ಮಿದುಳು, ಹನ್ನೆರಡು ಸೆಕೆಂಡು: ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆದ ಡಾ. ಆರ್ಮಂಡ್ ಕ್ವಿಕ್

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಿಗೆ ‘ಪಿಟಿ-ಐಎನ್‌ಆರ್’ ಎಂಬ ಹೆಸರು ಹೊಸದಲ್ಲ. ಮುಂಬೈನ ವಿಲೆ ಪಾರ್ಲೆಯ ಲ್ಯಾಬ್ ಇರಲಿ, ಹುಬ್ಬಳ್ಳಿಯ ಆಸ್ಪತ್ರೆ ಇರಲಿ, ವಾರ್ಫರಿನ್ ಮಾತ್ರೆ ನುಂಗುವವರು ಆಗಾಗ ರಕ್ತ ಕೊಟ್ಟು ಈ ವರದಿಗಾಗಿ ಕಾಯುತ್ತಾರೆ. ಮಾತ್ರೆಯ ಪ್ರಭಾವ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು, ಹೆಚ್ಚಾದರೆ ಮಿದುಳಿನಲ್ಲೇ ರಕ್ತಸ್ರಾವವಾಗಬಹುದು. ಈ ಪರೀಕ್ಷೆಗೆ ಬುನಾದಿ ಹಾಕಿದವರು ಅಮೆರಿಕದ ಡಾ. ಆರ್ಮಂಡ್ ಕ್ವಿಕ್.

1894ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಥೆರೆಸಾ ಎಂಬಲ್ಲಿ ಜನಿಸಿದ ಕ್ವಿಕ್ ಮೊದಲು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು. ಬಳಿಕ ವೈದ್ಯಕೀಯ ಓದಿ, 1928ರಲ್ಲಿ ವೈದ್ಯರಾದರು. ಕಾಮಾಲೆ ರೋಗಿಗಳಿಗೆ ರಕ್ತಸ್ರಾವ ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆ ಅವರನ್ನು ಕಾಡಿತು.

1935ರಲ್ಲಿ ಅವರು ಸರಳ ವಿಧಾನವೊಂದನ್ನು ಪ್ರಕಟಿಸಿದರು. ಹೆಪ್ಪುಗಟ್ಟದಂತೆ ತಡೆದ ರಕ್ತದ ಪ್ಲಾಸ್ಮಾಕ್ಕೆ ಮೊಲದ ಮಿದುಳಿನಿಂದ ತೆಗೆದ ಸಾರ ಮತ್ತು ಕ್ಯಾಲ್ಸಿಯಂ ಸೇರಿಸಿ, ಹೆಪ್ಪು ಮೂಡುವವರೆಗೆ ಸೆಕೆಂಡು ಎಣಿಸುವುದು. ಆರೋಗ್ಯವಂತರಲ್ಲಿ ಇದು ಸುಮಾರು 12 ಸೆಕೆಂಡು. ಹಿಮೋಫಿಲಿಯಾ ಇದ್ದವರಲ್ಲೂ ಸಮಯ ಸಹಜವಾಗಿತ್ತು, ಕಾಮಾಲೆಯವರಲ್ಲಿ ಮಾತ್ರ ಹೆಚ್ಚಾಗಿತ್ತು. ಎರಡೂ ಬೇರೆ ಬೇರೆ ದೋಷಗಳೆಂದು ಇದರಿಂದ ತಿಳಿಯಿತು.

ಅದೇ ರಾಜ್ಯದಲ್ಲಿ ಹಾಳಾದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ಈ ರೋಗದಲ್ಲಿ ಪ್ರೋಥ್ರಾಂಬಿನ್ ಕುಸಿಯುತ್ತದೆ ಎಂದು 1937ರಲ್ಲಿ ಕ್ವಿಕ್ ತೋರಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪೌಲ್ ಲಿಂಕ್ ಅವರ ತಂಡ 1939ರಲ್ಲಿ ಆ ಮೇವಿನಿಂದ ಡೈಕೌಮರಾಲ್ ಬೇರ್ಪಡಿಸಿತು. ಮುಂದೆ ಇದರಿಂದಲೇ ವಾರ್ಫರಿನ್ ಬಂತು. ಮೊದಲು ಇಲಿ ಪಾಷಾಣವಾಗಿದ್ದ ಅದು ಔಷಧವಾದಾಗ, ಡೋಸ್ ನಿರ್ಧರಿಸಲು ನೆರವಾದದ್ದು ಕ್ವಿಕ್ ಪರೀಕ್ಷೆಯೇ.

ಆದರೆ ಒಂದು ತೊಡಕಿತ್ತು. ಒಂದೊಂದು ಲ್ಯಾಬ್ ಬಳಸುವ ಸಾರ ಬೇರೆಯಾದ್ದರಿಂದ ಅದೇ ರಕ್ತಕ್ಕೆ ಬೇರೆ ಬೇರೆ ಉತ್ತರ ಸಿಗುತ್ತಿತ್ತು. 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಎಂಬ ಸಮಾನ ಅಳತೆ ತಂದು ಇದನ್ನು ಸರಿಪಡಿಸಿತು. ಅದನ್ನು ನೋಡಲು ಕ್ವಿಕ್ ಇರಲಿಲ್ಲ. ಅವರು 1978ರ ಜನವರಿಯಲ್ಲಿ ನಿಧನರಾದರು. ಲಿಂಕ್ ಕೂಡ ಅದೇ ವರ್ಷ ತೀರಿಕೊಂಡರು.

ಇಂದು ವಾರ್ಫರಿನ್ ಸೇವಿಸುವ ಹೆಚ್ಚಿನವರಿಗೆ ವೈದ್ಯರು ಐಎನ್‌ಆರ್ 2ರಿಂದ 3ರೊಳಗೆ ಇರಬೇಕೆನ್ನುತ್ತಾರೆ. ಕೆಲವು ಕವಾಟಗಳಿಗೆ ಇನ್ನೂ ಸ್ವಲ್ಪ ಹೆಚ್ಚು. ಸೊಪ್ಪಿನ ಊಟ ದಿಢೀರ್ ಬದಲಾದರೂ ಈ ಅಂಕಿ ಏರುಪೇರಾಗುತ್ತದೆ. ಹಾಗಾಗಿ ವೈದ್ಯರನ್ನು ಕೇಳದೆ ಮಾತ್ರೆ ಹೆಚ್ಚು-ಕಡಿಮೆ ಮಾಡುವುದು ಬೇಡ.