ಮೂರೆಳೆಯ ಹಗ್ಗ ಕಂಡ ರಾಮಚಂದ್ರನ್

ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಸಂಯೋಜಕ ಅಂಗಾಂಶವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು, ರಕ್ತ ಎಂದು ಬರೆದರೆ ಅಂಕ ಸಿಗುತ್ತಿತ್ತು. ರಕ್ತವನ್ನು ಬಿಟ್ಟರೆ, ಇವುಗಳಲ್ಲಿ ಜೀವಕೋಶಗಳು ದೂರ ದೂರ ಇದ್ದು, ಅವೇ ತಯಾರಿಸಿದ ನಾರುಗಳು ನಡುವೆ ತುಂಬಿರುತ್ತವೆ. ಆ ನಾರಿನ ಮುಖ್ಯ ಪ್ರೋಟೀನು ಕೊಲಾಜೆನ್. ಅದರ ಹೆಣಿಗೆಯನ್ನು ಬಿಡಿಸಿದವರು ಪಕ್ಕದ ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಎಂಬುದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ.

ಅವರು ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಸರ್ ಸಿ. ವಿ. ರಾಮನ್ ಅವರನ್ನು ಭೌತವಿಜ್ಞಾನಕ್ಕೆ ಕರೆದುಕೊಂಡರು. ಬಿ.ಇ. ಓದಿದ ನನಗೆ ಇಲ್ಲಿ ಸ್ವಲ್ಪ ಹೊಟ್ಟೆಯುರಿ!

ಕೇಂಬ್ರಿಜ್‌ನಲ್ಲಿ ಓದಿ ಬಂದು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ಮೂವತ್ತರ ಆಸುಪಾಸು. ಕೊಲಾಜೆನ್ ರಚನೆ ಇನ್ನೂ ಬಗೆಹರಿದಿಲ್ಲವೆಂದು ಅಲ್ಲಿಗೆ ಬಂದಿದ್ದ ವಿಜ್ಞಾನಿ ಬರ್ನಾಲ್ ತಿಳಿಸಿದರು. ಚರ್ಮವೆಂದರೆ ಬಹುಪಾಲು ಕೊಲಾಜೆನ್ನೇ. ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆಯಿಂದ ಮಾದರಿ ತರಿಸಿ, ಎಕ್ಸ್-ರೇ ಹಾಯಿಸಿ, ಗೋಪಿನಾಥ್ ಕರ್ತಾ ಜೊತೆ 1954ರಲ್ಲಿ ಉತ್ತರ ಪ್ರಕಟಿಸಿದರು: ಮೂರು ಎಳೆ. ಮರುವರ್ಷ ಅದನ್ನು ತಿದ್ದಿದರು. ಒಂದೊಂದು ಎಳೆ ಎಡಕ್ಕೆ ತಿರುಚಿಕೊಂಡಿದ್ದು, ಮೂರೂ ಸೇರಿ ಬಲಕ್ಕೆ ಸುತ್ತಿಕೊಳ್ಳುತ್ತವೆ. ಹಗ್ಗ ಹೊಸೆದು ಗೊತ್ತಿರುವ ನಮ್ಮೂರ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಎಳೆಯ ಹುರಿ ಒಂದು ಕಡೆ, ಹಗ್ಗದ ಹುರಿ ಇನ್ನೊಂದು ಕಡೆ ಇದ್ದರೇ ಅದು ಬಿಚ್ಚಿಕೊಳ್ಳದು. ನಡುವೆ ಜಾಗ ಎಷ್ಟು ಕಿರಿದೆಂದರೆ, ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನ್ ಮಾತ್ರ ಹಿಡಿಸುತ್ತದೆ.

ಆದರೆ ಕೇಂಬ್ರಿಜ್‌ನಿಂದ ಕ್ರಿಕ್ ಮತ್ತು ರಿಚ್ ತಕರಾರು ತೆಗೆದರು. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ, ಎಳೆಗಳ ನಡುವೆ ಮೂರು ಅಮೈನೋ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧ ಸಾಧ್ಯವಿಲ್ಲ, ಒಂದೇ ಎಂದರು. ಡಿಎನ್ಎ ರಚನೆ ಬಿಡಿಸಿದ ಕ್ರಿಕ್ ಎದುರಿಗಿದ್ದರೆ ಬೇರೆಯವರು ಸುಮ್ಮನಾಗುತ್ತಿದ್ದರೇನೋ. ರಾಮಚಂದ್ರನ್ ಹಾಗೆ ಮಾಡಲಿಲ್ಲ. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು, ಆವರೆಗೆ ತಿಳಿದಿದ್ದ ಹರಳುಗಳ ಅಳತೆಗಳನ್ನೆಲ್ಲ ಹುಡುಕಲು ಕುಳಿತರು. ಬಂಧದ ಲೆಕ್ಕದಲ್ಲಿ ಕೊನೆಗೆ ಕೇಂಬ್ರಿಜ್‌ನವರ ಮಾತೇ ಉಳಿಯಿತು. ಮೂರೆಳೆಯ ಹಗ್ಗ ಮಾತ್ರ ಮದ್ರಾಸಿನದೇ ಆಗಿ ಉಳಿಯಿತು. ಆ ಹುಡುಕಾಟದಿಂದಲೇ 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಮಾಡಿದ ನಕ್ಷೆ ಹೊರಬಂತು. ಪ್ರೋಟೀನಿನ ಎಳೆ ಎತ್ತ ತಿರುಗಬಹುದು, ಎತ್ತ ತಿರುಗಲಾರದು ಎಂದು ಅದು ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಯಾವ ಪ್ರೋಟೀನಿನ ರಚನೆ ಸಿದ್ಧವಾದರೂ ಇಂದಿಗೂ ಅದನ್ನು ಈ ರಾಮಚಂದ್ರನ್ ನಕ್ಷೆಗೆ ಹಾಕಿ ನೋಡುತ್ತಾರೆ.

ಮುಂದೆ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. 1971ರಲ್ಲಿ ಲಕ್ಷ್ಮೀನಾರಾಯಣನ್ ಜೊತೆ, ಸ್ಕ್ಯಾನಿಂಗ್ ಚಿತ್ರ ಕೂಡಿಸುವ ಗಣಿತಕ್ಕೂ ದಾರಿ ತೋರಿದರು. ನೊಬೆಲ್ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು. ಆಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ.