ಬೆನೆಗಲ್ ನರಸಿಂಗ ರಾಯರು

ನಾವು ವಾಸಿಸುವ ನೋಯ್ಡಾ ನಗರದ ಹೆಸರು ಯಾವ ಹಳೆಯ ಗ್ರಾಮದಿಂದಲೂ ಬಂದುದಲ್ಲ. 1976ರಲ್ಲಿ ಯಮುನೆಯ ಈಚೆಯ ದಡದಲ್ಲಿ ಒಂದು ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರವು ಸ್ಥಾಪಿತವಾದಾಗ, ಅದರ ಉದ್ದವಾದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಮಾಡಿದರು. ಇಂತಹ ಊರಿನಲ್ಲಿದ್ದರೂ ನಮ್ಮ ಕನ್ನಡದ ಮಕ್ಕಳಿಗೆ ಅವರ ಹೆಸರಿನ ಮೊದಲಕ್ಷರಗಳು ಆಗಾಗ ತೊಡಕನ್ನು ತರುತ್ತವೆ. ಇಲ್ಲಿ ಯಾವ ಅರ್ಜಿಯನ್ನು ತುಂಬಿದರೂ ಮನೆತನದ ಹೆಸರೇನೆಂದು ಕೇಳುತ್ತಾರೆ. ಶರ್ಮಾ, ಗುಪ್ತಾ ಎಂಬ ನೆರೆಯವರಿಗೆ ಉತ್ತರ ಸುಲಭ. ನಮ್ಮಲ್ಲಿ ಅನೇಕರಿಗೆ ಇರುವುದು ಊರಿನದೊಂದು, ತಂದೆಯ ಹೆಸರಿನದೊಂದು, ಹೀಗೆ ಎರಡಕ್ಷರ ಮಾತ್ರ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತು ದೆಹಲಿಗೆ ಬಂದು, ದೇಶಕ್ಕೆ ಮಹದುಪಕಾರವನ್ನು ಮಾಡಿದ ಒಬ್ಬ ಕನ್ನಡ ನಾಡಿನವರ ಚರಿತ್ರೆಯನ್ನು ಹೇಳಬೇಕೆಂದು ನಾವು ಬಯಸಿದೆವು.

ಕರಾವಳಿಯ ಸಾರಸ್ವತ ಕುಟುಂಬಗಳಲ್ಲಿ ಪೂರ್ವಿಕರ ಊರಿನ ಹೆಸರು ಮನೆತನಕ್ಕೆ ನಿಲ್ಲುವುದು ವಾಡಿಕೆ. ಕಾರ್ನಾಡ್, ಪಡುಕೋಣೆ ಮೊದಲಾದ ಹೆಸರುಗಳು ಹಾಗೆ ಬಂದವು. ಬೆನೆಗಲ್ ಎಂಬುದೂ ಅಂತಹ ಒಂದು ಹೆಸರು. ಈ ಮನೆತನದಲ್ಲಿ ವೈದ್ಯರಾಗಿದ್ದ ರಾಘವೇಂದ್ರ ರಾಯರ ಮಕ್ಕಳಲ್ಲಿ ಮೂವರು ರಾಷ್ಟ್ರದ ಸಾರ್ವಜನಿಕ ಜೀವನದಲ್ಲಿ ಪ್ರಸಿದ್ಧರಾದರು. ನರಸಿಂಗ ರಾಯರು ನ್ಯಾಯವೇತ್ತರು. ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರು. ಶಿವರಾಯರು ಪತ್ರಿಕೋದ್ಯಮಿಗಳು ಹಾಗೂ ಸಂಸತ್ ಸದಸ್ಯರು. ಕನ್ನಡದಲ್ಲಿ ಮೂವರೂ ರಾಯರೇ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ಹಿರಿಯರಿಬ್ಬರು ರಾವ್ ಎಂಬುದರ ಕೊನೆಗೆ ಒಂದು ಅಕ್ಷರವನ್ನಿಟ್ಟರೆ ಶಿವರಾಯರು ಇನ್ನೊಂದನ್ನಿಡುತ್ತಿದ್ದರು. ಒಂದೇ ಮನೆಯ ಹೆಸರನ್ನು ಪಡೆದರೂ ಪ್ರತಿಯೊಬ್ಬರೂ ತಮ್ಮ ದಾರಿಯನ್ನು ತಾವೇ ಮಾಡಿಕೊಂಡರು.

ನರಸಿಂಗ ರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಜನಿಸಿದರು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಈ ಬಾಲಕನು ಇಡೀ ಪ್ರಾಂತಕ್ಕೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ, ವಿದ್ಯಾರ್ಥಿವೇತನವನ್ನು ಪಡೆದು ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜಿನ ಟ್ರಿನಿಟಿ ಕಾಲೇಜನ್ನು ಸೇರಿದನು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿಯೂ ಉತ್ತೀರ್ಣನಾದನು. ಅಂದಿನ ದಿನಗಳಲ್ಲಿ ಭಾರತೀಯನೊಬ್ಬನು ಏರಬಹುದಾದ ಅತ್ಯುನ್ನತ ಅಧಿಕಾರದ ಮೆಟ್ಟಿಲು ಅದಾಗಿದ್ದಿತು.

ಆಗ ನಡೆದ ಸಂಗತಿಯೊಂದು ವಿದ್ಯಾರ್ಥಿಗಳೆಲ್ಲರೂ ಅರಿಯತಕ್ಕುದು. ಸರಕಾರವು ಅವರನ್ನು ಮದರಾಸು ಪ್ರಾಂತಕ್ಕೇ ನೇಮಿಸಿತು. ಹುಟ್ಟಿದ ನಾಡಿಗೆ ಅಧಿಕಾರಿಯಾಗಿ ಮರಳುವುದು ಯಾರಿಗೆ ತಾನೆ ಹಿತವಲ್ಲ? ಆದರೆ ಆ ತರುಣರು ತಮಗೆ ಮದರಾಸು ಬೇಡ, ಅದರ ಬದಲು ಬರ್ಮಾವನ್ನು ಕೊಡಬೇಕೆಂದು ಬರೆದುಕೊಂಡರು. ಮದರಾಸು ಪ್ರಾಂತದಲ್ಲಿ ತಮಗೆ ಬಂಧುಮಿತ್ರರು ಬಹಳ. ತಮ್ಮ ಮನೆತನಕ್ಕೆ ಅಲ್ಲಿ ಭೂಮಿಕಾಣಿಯುಂಟು. ಎಲ್ಲಿಗೆ ಹೋದರೂ ಶಿಫಾರಸು ಬೇಡುವವರು ಬಂದು ಕಾಡುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಸರಕಾರವು ಅವರ ಬೇಡಿಕೆಯನ್ನು ಮನ್ನಿಸಿ, ಬರ್ಮಾಕ್ಕಲ್ಲವಾದರೂ ದೂರದ ಬಂಗಾಳಕ್ಕೆ ಅವರನ್ನು ಕಳುಹಿಸಿತು. ಮನೆತನದ ಹೆಸರಿನಿಂದ ಲಾಭವನ್ನು ಹುಡುಕುವವರೇ ಹೆಚ್ಚಾಗಿರುವ ಲೋಕದಲ್ಲಿ, ಅದರ ನೆರಳು ತಮ್ಮ ಕರ್ತವ್ಯದ ಮೇಲೆ ಬೀಳಬಾರದೆಂದು ಇಪ್ಪತ್ತೆರಡರ ಹರೆಯದವರೊಬ್ಬರು ತಾವಾಗಿಯೇ ದೂರ ಸರಿದುದು ಸಾಮಾನ್ಯವಾದ ಮಾತಲ್ಲ.

ಬಂಗಾಳದಲ್ಲಿ ಮತ್ತು ಅಸ್ಸಾಮಿನಲ್ಲಿ ಅವರು ಬಹುಕಾಲ ಸೇವೆಯನ್ನು ಸಲ್ಲಿಸಿದರು. ಕಾನೂನಿನ ಭಾಷೆಯಲ್ಲಿ ಅವರಿಗಿದ್ದ ಪ್ರಭುತ್ವವು ಕ್ರಮೇಣ ಎಲ್ಲರಿಗೂ ತಿಳಿಯಿತು. 1935ರ ಭಾರತ ಸರಕಾರದ ಕಾಯಿದೆಯು ಜಾರಿಗೆ ಬರುವ ಮುನ್ನ ದೇಶದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಹೊರೆ ಅವರ ಮೇಲೆ ಬಿದ್ದಿತು. ಸುಮಾರು ಎರಡು ವರ್ಷಗಳಲ್ಲಿ ಅವರು ಅದನ್ನು ನೆರವೇರಿಸಿದರು. 1938ರಲ್ಲಿ ಸರ್ ಎಂಬ ಬಿರುದು ಬಂದಿತು. ಮುಂದೆ ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಪಂಜಾಬು ಮತ್ತು ಸಿಂಧ್ ಪ್ರಾಂತಗಳೊಳಗೆ ಉಂಟಾದ ವಿವಾದವನ್ನು ವಿಚಾರಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರು. ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕು, ವಿವಾಹ ಮೊದಲಾದ ವಿಷಯಗಳಲ್ಲಿ ಕಾನೂನನ್ನು ಸುಧಾರಿಸಲು 1941ರಲ್ಲಿ ರಚಿತವಾಗಿ 1944ರಲ್ಲಿ ಪುನಃ ಕೂಡಿದ ಸಮಿತಿಗೂ ಅವರದೇ ಹಿರಿತನ. 1955 ಮತ್ತು 1956ರಲ್ಲಿ ಸಂಸತ್ತು ಅಂಗೀಕರಿಸಿದ ಹಿಂದೂ ವಿವಾಹ, ಉತ್ತರಾಧಿಕಾರ ಮೊದಲಾದ ಶಾಸನಗಳಿಗೆ ಆ ಸಮಿತಿಯ ಶ್ರಮವೇ ತಳಹದಿ. 1944ರಿಂದ 1945ರ ವರೆಗೆ ಅವರು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳಾಗಿಯೂ ಇದ್ದರು.

ಅವರ ಜೀವಿತದ ಅತ್ಯಂತ ದೊಡ್ಡ ಕಾರ್ಯವು 1946ರಲ್ಲಿ ಪ್ರಾರಂಭವಾಯಿತು. ಸ್ವತಂತ್ರ ಭಾರತಕ್ಕೆ ಸಂವಿಧಾನವನ್ನು ರಚಿಸಲು ಸಂವಿಧಾನ ಸಭೆಯು ಸಿದ್ಧವಾಗುತ್ತಿದ್ದಾಗ ಅವರನ್ನು ಅದರ ಸಲಹೆಗಾರರನ್ನಾಗಿ ನೇಮಿಸಿದರು. ಈ ಕೆಲಸಕ್ಕೆ ಅವರು ಸಂಬಳವನ್ನು ತೆಗೆದುಕೊಳ್ಳಲಿಲ್ಲ. ಅವರು ಸಭೆಯ ಸದಸ್ಯರೂ ಆಗಿರಲಿಲ್ಲ. ಒಂದು ವಿಚಿತ್ರವನ್ನು ನೋಡಿರಿ: ತಮ್ಮಂದಿರಾದ ಶಿವರಾಯರು ಅದೇ ಸಭೆಯ ಸದಸ್ಯರಾಗಿದ್ದರು. ತಮ್ಮನಿಗೆ ಮತ ನೀಡುವ ಹಕ್ಕಿದ್ದಿತು, ಅಣ್ಣನಿಗೆ ಇರಲಿಲ್ಲ. ಅಣ್ಣನ ಕೆಲಸವು ಬೇರೆ ದೇಶಗಳ ಸಂವಿಧಾನಗಳನ್ನು ಓದಿ, ತೂಗಿ, ಸದಸ್ಯರಿಗೆ ಬೇಕಾದ ಟಿಪ್ಪಣಿಗಳನ್ನು ಸಿದ್ಧಪಡಿಸುವುದು.

ಸಭೆಯ ಸಮಿತಿಗಳು ಮಾಡಿದ ನಿರ್ಣಯಗಳನ್ನು ಆಧಾರವಾಗಿಟ್ಟುಕೊಂಡು ರಾಯರು 1947ರ ಅಕ್ಟೋಬರ್ ತಿಂಗಳಲ್ಲಿ ಮೊದಲನೆಯ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ ಸುಮಾರು 240 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಆಗಸ್ಟ್ 29ರಂದು ನೇಮಕವಾಗಿದ್ದ ಏಳು ಮಂದಿಯ ಕರಡು ಸಮಿತಿಯು ಇದನ್ನು ಕೈಗೆತ್ತಿಕೊಂಡು, ಒಂದೊಂದನ್ನೂ ಪರೀಕ್ಷಿಸಿ, ತಿದ್ದಿ, ಬೆಳೆಸಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡನ್ನು ಒಪ್ಪಿಸಿತು. ಸಭೆಯಲ್ಲಿ ಪ್ರತಿಯೊಂದು ವಿಧಿಯನ್ನೂ ಸಮರ್ಥಿಸಿ, ಆಕ್ಷೇಪಗಳಿಗೆ ಉತ್ತರವಿತ್ತು ಪಾರುಗಾಣಿಸಿದವರು ಅಂಬೇಡ್ಕರರು. 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನದಲ್ಲಿ 395 ವಿಧಿಗಳೂ 8 ಅನುಸೂಚಿಗಳೂ ಇದ್ದವು. ಈ ಇಬ್ಬರಲ್ಲಿ ಒಬ್ಬರ ಕೀರ್ತಿಯನ್ನು ಕಿತ್ತು ಇನ್ನೊಬ್ಬರಿಗೆ ಮುಡಿಸಲು ಹೊರಡುವವರು ಉಂಟು. ನಮಗೆ ಅದು ಸರಿಯೆಂದು ತೋರುವುದಿಲ್ಲ. ಅಂಬೇಡ್ಕರರೇ ತಮ್ಮ ಅಂತ್ಯ ಭಾಷಣದಲ್ಲಿ ಕೀರ್ತಿಯ ಒಂದು ಪಾಲು ರಾಯರಿಗೆ ಸಲ್ಲಬೇಕೆಂದು ತುಂಬಿದ ಸಭೆಯಲ್ಲಿ ಹೇಳಿದರು. ಸಭಾಧ್ಯಕ್ಷರಾದ ರಾಜೇಂದ್ರ ಪ್ರಸಾದರೂ ರಾಯರ ನಿರ್ವೇತನ ಸೇವೆಯನ್ನು ಸ್ಮರಿಸಿದರು. ದೊಡ್ಡವರು ಹಂಚಿಕೊಂಡ ಕೀರ್ತಿಗಾಗಿ ನಾವು ಜಗಳವಾಡುವುದು ಬೇಡ.

ರಾಯರ ಸಲಹೆಗಳೆಲ್ಲವೂ ಕಾಲದ ಪರೀಕ್ಷೆಯಲ್ಲಿ ಹಾಗೆಯೇ ನಿಂತವೆಂದು ನಾವು ಹೇಳುವುದಿಲ್ಲ. ಕರಡನ್ನು ಮುಗಿಸಿದ ಬಳಿಕ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡ್ ದೇಶಗಳಿಗೆ ಹೋಗಿ ಅಲ್ಲಿಯ ನ್ಯಾಯವೇತ್ತರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದ ಫ್ರಾಂಕ್‌ಫರ್ಟರರು, ಶಾಸನ ಸಭೆಯು ಮಾಡಿದ ಕಾನೂನು ನ್ಯಾಯಸಮ್ಮತವೇ ಎಂದು ಅಳೆಯುವ ವಿಶಾಲ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುವುದು ತರವಲ್ಲವೆಂದು ಅಭಿಪ್ರಾಯಪಟ್ಟರು. ರಾಯರಿಗೂ ಅದೇ ಒಪ್ಪಿಗೆಯಾಯಿತು. ಹೀಗೆ ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯಗಳನ್ನು ಕುರಿತ 21ನೆಯ ವಿಧಿಯು ಕಾನೂನಿನಿಂದ ಸ್ಥಾಪಿತವಾದ ಕ್ರಮವನ್ನು ಮಾತ್ರ ಹೇಳಿತು. ಮೂವತ್ತು ವರ್ಷಗಳ ನಂತರ, 1978ರಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯವು ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಆ ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ತೀರ್ಪು ನೀಡಿತು. ರಾಯರು ಮುಚ್ಚಿದ ಬಾಗಿಲನ್ನು ನ್ಯಾಯಾಲಯವು ಅಷ್ಟರಮಟ್ಟಿಗೆ ತೆರೆಯಿತೆನ್ನಬೇಕು.

ಬರ್ಮಾ ದೇಶವು 1947ರಲ್ಲಿ ತನ್ನ ಸಂವಿಧಾನವನ್ನು ಬರೆಯುವಾಗಲೂ ಅವರ ನೆರವನ್ನು ಪಡೆಯಿತು. ಯೌವನದಲ್ಲಿ ಕೇಳಿ ಪಡೆಯದ ಬರ್ಮಾಕ್ಕೆ ಅವರ ಸೇವೆಯು ಈ ಬಗೆಯಲ್ಲಿ ಸಂದಿತು. ತರುವಾಯ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾದರು. 1950ರ ಜೂನ್ ತಿಂಗಳಲ್ಲಿ ಕೊರಿಯಾದ ಯುದ್ಧವು ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಅವರೇ. ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ 27ರ ನಿರ್ಣಯವು ಮತಕ್ಕೆ ಬಂದಾಗ ದೆಹಲಿಯ ಆದೇಶವು ಇನ್ನೂ ಕೈಸೇರಿರಲಿಲ್ಲ. ಆದುದರಿಂದ ಅವರು ಮತ ನೀಡಲಿಲ್ಲ. ಸರಕಾರವು ಬಳಿಕ ಆ ನಿರ್ಣಯವನ್ನು ಒಪ್ಪಿತು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಆ ಪೀಠವನ್ನು ಬಹುಕಾಲ ಅಲಂಕರಿಸುವ ಯೋಗವಿರಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಸೋದರರ ವಿಷಯವಾಗಿ ಎರಡು ಮಾತು ಹೇಳಬೇಕು. ರಾಮರಾಯರು 1949ರ ಜುಲೈ 1ರಿಂದ ಏಳೂವರೆ ವರ್ಷಗಳ ಕಾಲ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದು, ಅರ್ಥಮಂತ್ರಿಗಳೊಡನೆ ಭಿನ್ನಾಭಿಪ್ರಾಯವುಂಟಾದಾಗ 1957ರ ಜನವರಿಯಲ್ಲಿ ಪದವಿಯನ್ನು ತ್ಯಜಿಸಿದರು. ಶಿವರಾಯರು 1952ರಲ್ಲಿ ದಕ್ಷಿಣ ಕನ್ನಡದಿಂದ ಮೊದಲನೆಯ ಲೋಕಸಭೆಗೆ ಆರಿಸಿ ಬಂದರು. ಅಣ್ಣನು ತೀರಿಕೊಂಡ ಮೇಲೆ ಆತನ ಟಿಪ್ಪಣಿಗಳನ್ನೂ ಬರಹಗಳನ್ನೂ ಕಲೆಹಾಕಿ ಸಂಪಾದಿಸಿ 1960ರಲ್ಲಿ ಗ್ರಂಥರೂಪವಾಗಿ ಹೊರತಂದರು. ಅದಾದ ಮೇಲೆ ಸಂವಿಧಾನ ರಚನೆಯ ಕಾಗದಪತ್ರಗಳ ಹಲವು ಸಂಪುಟಗಳನ್ನೂ ಪ್ರಕಟಿಸಿದರು. ಮತವಿಲ್ಲದೆ, ಸಂಬಳವಿಲ್ಲದೆ ತೆರೆಯ ಹಿಂದೆ ದುಡಿದ ಅಣ್ಣನ ಕೆಲಸವನ್ನು ನಾವು ಇಂದು ಬಿಡಿಬಿಡಿಯಾಗಿ ತಿಳಿಯುವಂತಾದುದು ಬಹುಮಟ್ಟಿಗೆ ಈ ತಮ್ಮನ ಶ್ರಮದಿಂದ. ಮನೆತನದ ಹೆಸರಿಗೆ ಶಿವರಾಯರು ಸಲ್ಲಿಸಿದ ಸೇವೆಯೆಂದರೆ ಇದೇ.

ಸಂವಿಧಾನ ಸಭೆಯು ಸೇರಿದ ಹಳೆಯ ಸಂಸತ್ ಭವನಕ್ಕೆ 2023ರಿಂದ ಸಂವಿಧಾನ ಸದನವೆಂಬ ಹೆಸರು ಬಂದಿದೆ. ನಮ್ಮ ಊರಿನಿಂದ ಯಮುನೆಯನ್ನು ದಾಟಿದರೆ ಅದು ಬಹುದೂರವಲ್ಲ. ವಿದ್ಯಾರ್ಥಿ ಮಿತ್ರರು ಆ ಗುಂಡನೆಯ ಕಟ್ಟಡವನ್ನು ಕಂಡಾಗ, ಸದಸ್ಯರ ಸಾಲಿನಲ್ಲಿ ಪೀಠವಿಲ್ಲದೆ ಅಲ್ಲಿ ದುಡಿದ ಕರಾವಳಿಯ ಈ ರಾಯರನ್ನು ಒಮ್ಮೆ ನೆನೆಯಲಿ. ನಿಮ್ಮ ಹೆಸರಿನ ಹಿಂದಿರುವ ಊರು ಯಾವುದೆಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಬಿಡಿಸಿ ಹೇಳಿರಿ. ಆದರೆ ಆ ಹೆಸರಿನ ಬಲದಿಂದ ಯಾವುದನ್ನೂ ಬೇಡದಿರಿ ಎಂಬುದು ನಮ್ಮ ಹಾರೈಕೆ.